ಕಾರವಾರದಿಂದ ದೇವಗಡ, ಕೂರ್ಮಗಡ: ಡಾಲ್ಫಿನ್, ಕಡಲ ಹದ್ದು ನೋಡಲು ಯಾವ ಹೊತ್ತು?

ಬೆಟ್ಟದಹಕ್ಕಿ: ಡಿಸೆಂಬರ್ ಕೊನೆಯಲ್ಲಿ ಶಿರಸಿಯಿಂದ ಆರು ಜನ ಹೊರಡುವವರಿದ್ದೇವೆ. ಭಾನುವಾರ ಬೆಳಿಗ್ಗೆ ಬಿಟ್ಟು 11ಕ್ಕೆ ಕಾರವಾರದ ಕೋಡಿಬಾಗ, ಅಲ್ಲಿಂದ ದೋಣಿ, ಎರಡೂ ದ್ವೀಪ ಸುತ್ತಿ ಸಂಜೆ ವಾಪಸ್. ಬಂಡೆಗೆ ಇಳಿಯಬಹುದೇ? ದುರ್ಬೀನು 10×50 ಇದೆ, ಸಾಕೇ?

ಅಳಿವೆಬದಿ: 11ಕ್ಕೆ ದೋಣಿ ಹತ್ತುವ ಲೆಕ್ಕವೇ ತಪ್ಪು. ಶನಿವಾರ ರಾತ್ರಿಯೇ ಕಾರವಾರಕ್ಕೆ ಬಂದು ಮಲಗಿ, ಆರೂವರೆ-ಏಳಕ್ಕೆ ನೀರಿನಲ್ಲಿರಿ. ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಸಮುದ್ರ ಎಣ್ಣೆ ಸುರಿದ ಹಾಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ವಾಯವ್ಯದಿಂದ ಬರುತ್ತದೆ. ಆಮೇಲೆ ಅಲೆಯ ಬಿಳಿ ನೊರೆಯ ನಡುವೆ ಡಾಲ್ಫಿನ್ ಬೆನ್ನು ಹುಡುಕುವುದು ದಂಡ.

ಇನ್ನೊಂದು, ಉಬ್ಬರ-ಇಳಿತದ ಪಟ್ಟಿ ನೋಡದೆ ಹೊರಡಬೇಡಿ. ಇಳಿತದಲ್ಲಿ ಕಾಳಿ ನದಿಯ ನೀರು ಅಳಿವೆಯಿಂದ ಹೊರಗೆ ನುಗ್ಗುತ್ತದೆ, ಮಧ್ಯಾಹ್ನದ ಗಾಳಿ ಒಳಗೆ ತಳ್ಳುತ್ತದೆ. ಎರಡೂ ಎದುರಾದಲ್ಲಿ ಅಲೆ ಕುಳ್ಳಗಿದ್ದರೂ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಇದು ಜೋರು. ವಾಪಸ್ ಬರುವುದು ನೀರು ಏರುತ್ತಿರುವಾಗ ಆಗಬೇಕು. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತದ್ದು ಇದೇ ನೀರಿನಲ್ಲಿ. ಲೈಫ್ ಜಾಕೆಟ್ ಬೆಂಚಿನ ಕೆಳಗಿದ್ದರೆ ಇಲ್ಲದ ಲೆಕ್ಕ. ದಡದಲ್ಲೇ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲೆ ಎಳೆಸಿ ನೋಡಿ. ಗಲ್ಲ ದಾಟಿ ಮೇಲೆ ಬಂದರೆ ಅಳತೆ ದೊಡ್ಡದು.

ಡಾಲ್ಫಿನ್ ಕಂಡಾಗ ಅಟ್ಟಿಸಿಕೊಂಡು ಹೋಗುವಂತೆ ದೋಣಿಯವರನ್ನು ಪೀಡಿಸಬೇಡಿ. ಇಲ್ಲಿನವು ಬೆನ್ನುಡುಬ್ಬದ ಜಾತಿ, ಅಳಿವೆಯ ಆಳವಿಲ್ಲದ ನೀರಿನವು. ಅವು ಹೋಗುವ ದಿಕ್ಕಿಗೆ ಸಮಾನಾಂತರವಾಗಿ, 50 ಮೀಟರ್ ದೂರದಲ್ಲಿ ನಿಧಾನ ಸಾಗಿ, ನಂತರ ನ್ಯೂಟ್ರಲ್. ಎಂಜಿನ್ ಪೂರ್ತಿ ಆಫ್ ಮಾಡಬಾರದು, ಬಂಡೆಯ ಕಡೆ ತೇಲಿದರೆ ಮತ್ತೆ ಸ್ಟಾರ್ಟ್ ಆಗುವುದಕ್ಕೆ ಕಾಯಲು ಹೊತ್ತಿರುವುದಿಲ್ಲ. ಹದಿನೈದು ನಿಮಿಷ ಸಾಕು.

ಬೆಟ್ಟದಹಕ್ಕಿ: ಇಳಿಯುವ ವಿಷಯ?

ಕಲ್ಲುದಡ: ಅಲೆಯ ಎತ್ತರ ಮಾತ್ರ ನೋಡಬೇಡಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಮುನ್ಸೂಚನೆಯಲ್ಲಿ ಅಲೆಗಳ ನಡುವಿನ ಸೆಕೆಂಡೂ ಇರುತ್ತದೆ. ಒಂದೇ ಮೀಟರ್ ಅಲೆಯಾದರೂ ಅಂತರ 14 ಸೆಕೆಂಡ್ ದಾಟಿದ್ದರೆ ಬಂಡೆಯ ಬುಡದಲ್ಲಿ ನೀರು ಒಮ್ಮೆಲೇ ಏರಿ ಬೀಳುತ್ತದೆ. ಅಂದು ಸುತ್ತು ಹಾಕಿ ಬನ್ನಿ, ಇಳಿಯಬೇಡಿ. ಇಳಿಯುವುದಾದರೆ ದೋಣಿ ಅಲೆಯ ನೆತ್ತಿಯಲ್ಲಿ ಕ್ಷಣ ನಿಂತಾಗ ಕಾಲಿಡಿ, ಕೆಳಗಿಳಿಯುವಾಗ ಅಲ್ಲ. ಎರಡೂ ಕೈ ಖಾಲಿ ಇರಲಿ, ಚೀಲ ಆಮೇಲೆ ಬರಲಿ. ದೋಣಿಗೂ ಕಲ್ಲಿಗೂ ನಡುವೆ ಕೈ ತೂರಿಸಿದರೆ ಬೆರಳು ಹೋಯಿತು. ಹವಾಯಿ ಚಪ್ಪಲಿ ಬೇಡವೇ ಬೇಡ: ಪಾಚಿ ಜಾರುತ್ತದೆ, ಸಿಂಪಿ ಕೊಯ್ಯುತ್ತದೆ. ದೇವಗಡದಲ್ಲಿ ದೀಪಸ್ತಂಭವಿದೆ, ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಹತ್ತಿರದ ಅಂಜದೀವ್ ದ್ವೀಪ ನೌಕಾಪಡೆಯ ಕೈಯಲ್ಲಿದೆ, ಅತ್ತ ದೋಣಿಯೂ ಬೇಡ, ಡ್ರೋನೂ ಬೇಡ.

ಗರುಡರೇಖೆ: ಹತ್ತು ಪಟ್ಟು ಹಿಗ್ಗಿಸುವ 10× ದುರ್ಬೀನಿನ ನೋಟ ದೋಣಿಯಲ್ಲಿ ನಡುಗುತ್ತದೆ ಮಾರಾಯ್ರೆ, ಯಾರಿಂದಾದರೂ ಎಂಟು ಪಟ್ಟಿನ 8×42 ಎರವಲು ತನ್ನಿ. ಕ್ಯಾಮೆರಾ ಲೆನ್ಸನ್ನು ದೋಣಿಯ ಅಂಚಿಗೆ ಆನಿಸಬೇಡಿ, ಎಂಜಿನ್ನಿನ ಕಂಪನ ಪೂರಾ ಚಿತ್ರಕ್ಕೆ ಬರುತ್ತದೆ. ಮೊಣಕೈ ಪಕ್ಕೆಗೊತ್ತಿ ಹಿಡಿಯಿರಿ, ಷಟರ್ 1/2000 ಸೆಕೆಂಡ್. ಬಿಳಿಹೊಟ್ಟೆಯ ಕಡಲ ಹದ್ದು ರೆಕ್ಕೆಯನ್ನು ಮೇಲೆತ್ತಿ ಅಗಲ ವಿ ಆಕಾರದಲ್ಲಿ ತೇಲುತ್ತದೆ, ಬಾಲ ಮೊಟಕು, ಬೆಣೆಯಂತೆ. ಗರುಡ ಇಟ್ಟಿಗೆ ಬಣ್ಣ, ತಲೆ ಬಿಳಿ, ಬಾಲ ದುಂಡು. ಎಳೆ ಗರುಡ ಕಂದು, ಅದನ್ನು ಹದ್ದೆಂದು ಬರೆದುಕೊಳ್ಳುವವರೇ ಜಾಸ್ತಿ. ಡಿಸೆಂಬರ್ ಅಂದರೆ ಕಡಲ ಹದ್ದಿನ ಗೂಡಿನ ಕಾಲ. ಜೋಡಿ ತಲೆಯ ಮೇಲೆ ಸುತ್ತುತ್ತಾ ಬಾತುಕೋಳಿಯಂತೆ ಕೂಗಿತೆಂದರೆ ನೀವು ಗೂಡಿಗೆ ಹತ್ತಿರವಾಗಿದ್ದೀರಿ, ಹಿಂದೆ ಸರಿಯಿರಿ. ತಾಯಿ ಎದ್ದು ಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಮರಿಯಿದ್ದರೆ ಕಾಗೆ ಬಿಡುವುದಿಲ್ಲ.

ಬೆಟ್ಟದಹಕ್ಕಿ: ಶನಿವಾರ ರಾತ್ರಿಗೆ ರೂಮ್ ಹುಡುಕುತ್ತೇವೆ. ವಾಂತಿಗೆ?

ಅಳಿವೆಬದಿ: ದೋಣಿಯ ಹಿಂಭಾಗದ ನಡುವೆ ಕೂತು ದಿಗಂತ ನೋಡಿ, ಮೊಬೈಲ್ ಅಲ್ಲ. ಮಾತ್ರೆ ನುಂಗುವುದಾದರೆ ಹತ್ತುವ ಒಂದು ಗಂಟೆ ಮೊದಲು. ತಲೆ ತಿರುಗಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ತಿಂದು ಬನ್ನಿ.