ಹಸಿಶುಂಠಿ ತರಕಾರಿಯೇ? ‘ಕಾಮನ್ ಪಾರ್ಲೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ.

ತೀರ್ಪುಗಳನ್ನು ಕನ್ನಡಕ್ಕೆ ತರುವಾಗ ‘ಕಾಮನ್ ಪಾರ್ಲೆನ್ಸ್’ ಬಂದಲ್ಲೆಲ್ಲ ನನ್ನ ಕೈ ತಡೆಯುತ್ತದೆ. ದಿನಬಳಕೆಯ ಪದವೊಂದಕ್ಕೆ ಕಾಯ್ದೆ ತಾನೇ ಅರ್ಥ ಹೇಳದಿದ್ದರೆ, ನ್ಯಾಯಾಧೀಶರು ಶಾಸ್ತ್ರದ ಅರ್ಥ ಬಿಟ್ಟು ಜನ ಏನೆಂದು ತಿಳಿಯುತ್ತಾರೆ ಅಂತ ನೋಡುತ್ತಾರಲ್ಲ, ಅದು.

1961ರಲ್ಲಿ ಸುಪ್ರೀಂ ಕೋರ್ಟು ಅಕೋಲಾದ ವ್ಯಾಪಾರಿಯೊಬ್ಬರ ಮೊಕದ್ದಮೆಯಲ್ಲಿ ವೀಳ್ಯದೆಲೆ ತರಕಾರಿಯಲ್ಲ ಎಂದಿತು. ಸಸ್ಯಶಾಸ್ತ್ರ ಏನಾದರೂ ಹೇಳಲಿ, ತರಕಾರಿಗಿದ್ದ ಮಾರಾಟ ತೆರಿಗೆಯ ವಿನಾಯಿತಿ ಅದಕ್ಕೆ ಸಿಗಲಿಲ್ಲ. 1977ರಲ್ಲಿ ಪಶ್ಚಿಮ ಬಂಗಾಳದಿಂದ ಹಸಿಶುಂಠಿಯ ಪ್ರಶ್ನೆ ಬಂತು. ಅಲ್ಲಿನ ಕಾಯ್ದೆಯ ಅನುಸೂಚಿಯಲ್ಲೇ ‘ಸಬ್ಜಿ, ತರ್ಕಾರಿ, ಶಾಕ್’ ಎಂಬ ಮಾತುಗಳಿದ್ದವು. ನಮ್ಮ ತರಕಾರಿಯೇ! ಶುಂಠಿ ಊಟದ ಮುಖ್ಯ ಪದಾರ್ಥ ಅಲ್ಲದಿದ್ದರೂ ತರಕಾರಿ ಮಾರುವವರೂ ಕೊಳ್ಳುವ ಗೃಹಿಣಿಯರೂ ಅದನ್ನು ತರಕಾರಿ ಎಂದೇ ಎಣಿಸುತ್ತಾರೆ ಎಂದು ಕೋರ್ಟು ಒಪ್ಪಿತು.

ಇಲ್ಲಿನ ಶುಕ್ರವಾರದ ಸಂತೆಯಲ್ಲೂ ಹಾಗೆಯೇ. ಮಣ್ಣು ಮೆತ್ತಿದ ಹಸಿಶುಂಠಿ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿರುತ್ತದೆ. ಒಣಶುಂಠಿ ಬೇಕೆಂದರೆ ದಿನಸಿ ಅಂಗಡಿಗೆ ಹೋಗಬೇಕು. ಒಂದೇ ಗೆಡ್ಡೆ, ಒಣಗಿದ ಮೇಲೆ ಅಂಗಡಿಯೇ ಬೇರೆ.

ಈಗ ಪದದ ಮಾತು. ‘ಸಾಮಾನ್ಯ ಪರಿಭಾಷೆ’ ಎಂದು ಬರೆದದ್ದನ್ನು ನೋಡಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ. ಪರಿಭಾಷೆ ಎಂದರೆ ಶಾಸ್ತ್ರದವರು ಕಟ್ಟಿಕೊಂಡ ಮಾತು. ನ್ಯಾಯಾಲಯ ಬದಿಗಿಟ್ಟದ್ದೇ ಅದನ್ನು. ‘ಆಡುಮಾತು’ ಎಂದರೆ ಬರಹದ ಕನ್ನಡಕ್ಕೆ ಎದುರಾದದ್ದು ಎಂಬ ಅರ್ಥ ಮುಂದೆ ಬರುತ್ತದೆ. ‘ರೂಢ್ಯರ್ಥ’ ನನಗೆ ಬಹಳ ಇಷ್ಟ. ಯೋಗಾರ್ಥಕ್ಕಿಂತ, ಅಂದರೆ ಪದವನ್ನು ಬಿಡಿಸಿದಾಗ ಬರುವ ಅರ್ಥಕ್ಕಿಂತ, ಬಳಕೆಯಲ್ಲಿ ನಿಂತ ರೂಢಿಯ ಅರ್ಥವೇ ಬಲವೆಂದು ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸೆಯವರು ಎಂದೋ ಹೇಳಿದ್ದಾರೆ. ಆದರೆ ಆಸ್ತಿ, ದಾಯದ ಕಾಗದಗಳಲ್ಲಿ ‘ರೂಢಿ’ ಎಂದರೆ ಕುಲಾಚಾರ. ಕೊಡಗಿನ ಓದುಗರು ಕೂಡಲೇ ಅತ್ತ ವಾಲುತ್ತಾರೆ. ಸದ್ಯಕ್ಕೆ ‘ಜನಬಳಕೆಯ ಅರ್ಥ’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆಯೂ ಕಾಡುತ್ತಿದೆ. ಜನ ಎಂದರೆ ಯಾವ ಜನ? ಸೋಮವಾರಪೇಟೆ ಕಡೆ ಶುಂಠಿ ಬೆಳೆದು 60 ಕೆ.ಜಿ. ಮೂಟೆ ಲೆಕ್ಕದಲ್ಲಿ ಮಾರುವ ರೈತರು ಅದನ್ನು ತರಕಾರಿ ಎಂದದ್ದು ನಾನು ಕೇಳಿಲ್ಲ. ಅವರ ಬಾಯಲ್ಲಿ ಅದು ‘ಶುಂಠಿ ಬೆಳೆ’. ನಿಮ್ಮ ಮನೆಯಲ್ಲಿ ‘ತರಕಾರಿ ತಗೊಂಡು ಬನ್ನಿ’ ಅಂದರೆ ಶುಂಠಿಯೂ ಚೀಲಕ್ಕೆ ಬೀಳುತ್ತದೆಯೇ, ಅಥವಾ ಅದನ್ನು ಬೇರೆ ಹೆಸರು ಹೇಳಿಯೇ ತರಿಸಬೇಕೇ? ಊರಿನ ಹೆಸರು ಸೇರಿಸಿ ಬರೆದರೆ ಉಪಕಾರವಾಗುತ್ತದೆ.