ಕಪಾಟು ತುಂಬ ಬಟ್ಟೆ, ಹಾಕೋದು ಮಾತ್ರ ಐದೇ ಕುರ್ತಾ

ಶರಾವತಿಮೂಲೆ:
ಮಲೆನಾಡಿನ ಸಾಗರದಲ್ಲಿ ಕೆಲಸ, ವಾರಕ್ಕೆ 6 ದಿನ ಆಫೀಸು, ಓಡಾಟ ಬಸ್ಸಲ್ಲಿ. ಕಪಾಟಲ್ಲಿ 40 ಕುರ್ತಾ ಇವೆ, ಕೈ ಹೋಗೋದು ಅದೇ ಐದಕ್ಕೆ. ಮಳೆಗಾಲದಲ್ಲಿ ಅವು ಒಣಗಲ್ಲ, ಉಳಿದವಕ್ಕೆ ಬೂಷ್ಟು. ನನಗೆ ಒಪ್ಪೋದು ಯಾವುದು, ಎಷ್ಟು ಇಟ್ಕೊಂಡರೆ ಸಾಕು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?

ಹೊಲಿಗೆಮೇಜು:
ಆ ಐದನ್ನೇ ಮಂಚದ ಮೇಲೆ ಹರಡಿ ಟೇಪ್ ಹಿಡಿಯಿರಿ. ಭುಜ, ಎದೆ ಸುತ್ತಳತೆ, ತೋಳುದ್ದ, ಕತ್ತಿನ ಆಳ, ಪೂರ್ತಿ ಉದ್ದ, ಪಕ್ಕದ ಸೀಳು ಎಲ್ಲಿಂದ ಶುರು, ಎಲ್ಲ ಚೀಟಿಯಲ್ಲಿ ಬರೀರಿ. ಐದರ ಪೈಕಿ ನಾಲ್ಕರಲ್ಲಿ ಒಂದೇ ಥರ ಬರುವ ಅಳತೆಯೇ ನಿಮ್ಮ ಸ್ಟೈಲು. ಬಣ್ಣದ ಮಾತು ಆಮೇಲೆ. ಉಳಿದ 35ನ್ನೂ ಚೀಟಿಗೆ ಹಿಡಿದು ನೋಡಿ. ಎದೆ ಸಡಿಲ, ಉದ್ದ ಜಾಸ್ತಿ ಇದ್ದರೆ ಹೊಲಿಗೆ ಹಾಕಿಸಿ ಚಿಕ್ಕದು ಮಾಡಿಸಬಹುದು. ಬಿಗಿ ಇದ್ದರೆ ಒಳಗೆ ಹೊಲಿಗೆ ಅಂಚಲ್ಲಿ ಬಟ್ಟೆ ಬಿಟ್ಟಿದ್ದಾರಾ ನೋಡಿ. ಭುಜ ಕೆಳಗೆ ಜಾರುತ್ತಿದ್ದರೆ ಮಾತ್ರ ಆಸೆ ಬಿಡಿ. ತೋಳು ಪೂರ್ತಿ ಬಿಚ್ಚಿ ಕೂರಿಸಬೇಕು, ಕಂಕುಳಲ್ಲಿ ಎಳೆತ ಉಳಿದೇ ಉಳಿಯುತ್ತೆ.

ಜಡಿಮಳೆ:
ಎಷ್ಟು ಬೇಕು ಅನ್ನೋದನ್ನ ನಮ್ಮ ಕಡೆ ಹಗ್ಗವೇ ಹೇಳುತ್ತೆ ಮಾರಾಯ್ರೆ. ಜುಲೈಯಲ್ಲಿ ಒಣಗೋಕೆ 3 ದಿನ ಅಂತ ಹಿಡಿಯಿರಿ, 3 ದಿನಕ್ಕೊಮ್ಮೆ ಒಗೆಯಿರಿ. ಮೈಮೇಲಿನ ಸರದಿಗೆ 3, ಹಗ್ಗದ ಮೇಲೆ 3, ಆಪತ್ತಿಗೆ 2. ಒಟ್ಟು 8 ಕುರ್ತಾ, 4 ಪ್ಯಾಂಟು. ಹೊಸದು ಕೊಳ್ಳುವಾಗ 4ರಲ್ಲಿ 3 ಪ್ಯಾಂಟಿಗಾದರೂ ಹೊಂದದಿದ್ದರೆ ಅಂಗಡಿಯಲ್ಲೇ ಬಿಡಿ.

ದಪ್ಪ ಜೀನ್ಸ್ ಬೇಡ. ಸೊಂಟಪಟ್ಟಿ, ಜೇಬು ಒಣಗದೆ ಮುಗ್ಗು ವಾಸನೆ ಬರುತ್ತೆ. ಪ್ಯಾಂಟು ಕಾಲಿನ ಹರಡಿಗಿಂತ 2 ಇಂಚು ಮೇಲಿರಲಿ, ಬಣ್ಣ ಗಾಢ ಕಂದು. ಕಪ್ಪಿನ ಮೇಲೆ ಒಣಗಿದ ಕೆಮ್ಮಣ್ಣು ಎದ್ದು ಕಾಣುತ್ತೆ. ಕೆಸರು ಸಿಡಿದರೆ ಹಸಿಯಲ್ಲಿ ಉಜ್ಜಬೇಡಿ, ನೂಲಿನೊಳಗೆ ಇಳಿಯುತ್ತೆ. ಒಣಗಿಸಿ, ಬ್ರಷ್‌ನಿಂದ ಕೊಡವಿ, ಆಮೇಲೆ ಸೋಪು. ಬ್ಲೀಚ್ ದಂಡ. ಆ ಕೆಂಪು ಕಬ್ಬಿಣದ್ದು, ಬ್ಲೀಚಿಗೆ ಬಗ್ಗಲ್ಲ.

ಶರಾವತಿಮೂಲೆ:
ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರ ಕೈಮಗ್ಗದ ಕುರ್ತಾ ಎರಡು ಸೇರಿಸಬೇಕು ಅಂತಿದೆ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯೋ ನೀರಿನ) ಬಣ್ಣ ಮಳೆಗಾಲ ತಡೆಯುತ್ತಾ?

ಚೊಗರುಬಣ್ಣ:
ಮಳೆಗಿಂತ ತುಕ್ಕಿಗೆ ಹೆದರಬೇಕು. ಚೊಗರಿನಲ್ಲಿರೋದು ಟ್ಯಾನಿನ್ ಅನ್ನೋ ಒಗರಿನ ಅಂಶ, ಕಬ್ಬಿಣ ತಾಗಿದರೆ ಕಪ್ಪಾಗುತ್ತೆ. ತುಕ್ಕು ಹಿಡಿದ ತಂತಿ ಮೇಲೆ ಒದ್ದೆ ಕುರ್ತಾ ಹರವಿದರೆ ಬೆನ್ನಿಗೆ ಅಡ್ಡ ಗೆರೆ ಬೀಳುತ್ತೆ, ಮತ್ತೆ ಹೋಗಲ್ಲ. ನೈಲಾನ್ ಹಗ್ಗ ಕಟ್ಟಿ. ಕ್ಷಾರ ಜಾಸ್ತಿ ಇರೋ ಸೋಪಿನ ಪುಡಿ ಬಿಟ್ಟು ಅಂಟುವಾಳದ ನೊರೆ ಮಾಡಿದ ತಣ್ಣೀರಿಗೆ ಅದ್ದಿ, ಮೊದಲ ಎರಡು ಸಲ ಬೇರೆಯಾಗಿ. ಒಳಮೈ ಹೊರಗೆ ತಿರುವಿ ಹಾಕಿ ನೆರಳಲ್ಲಿ ಒಣಗಿಸಿ.

ಬೂಷ್ಟಿಗೆ: ನುಸಿಗುಳಿಗೆ ಹುಳಕ್ಕಷ್ಟೇ, ಬೂಷ್ಟಿಗಲ್ಲ. ಪ್ಲಾಸ್ಟಿಕ್ ಕವರಂತೂ ತೇವ ಹಿಡಿದಿಟ್ಟು ಬೂಷ್ಟು ಸಾಕುತ್ತೆ. ಕಪಾಟನ್ನ ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಎಳೀರಿ. ಮಡಚೋ ಮೊದಲು ಕಂಕುಳ ಹೊಲಿಗೆ, ಕಾಲರ್ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ, ವಾಪಸ್ ಹಗ್ಗಕ್ಕೆ.