ಟಿನ್ ಬಿಟ್ಟು ಒಂದು ರಾತ್ರಿ ಕಾಳು ನೆನೆ ಹಾಕಿ ನೋಡಿ

ನಮಸ್ಕಾರ. ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮಗ ಟೋಸ್ಟ್ ಮೇಲೆ ಟಿನ್ನಿನ ಬೇಕ್ಡ್ ಬೀನ್ಸ್ ಹಾಕಿಕೊಟ್ಟರೆ ತಿನ್ನುತ್ತಾನಂತೆ, ಕಾಳಿನ ಸಾರು ಮುಟ್ಟುವುದಿಲ್ಲವಂತೆ. ಎಷ್ಟು ಬೇಯಿಸಿದರೂ ಕಾಳು ಗಟ್ಟಿಯೇ ಇರುತ್ತದಂತೆ. ಲಂಡನ್ನಿಗೆ ಬಂದ ಹೊಸದರಲ್ಲಿ ನಾನೂ ಇದೇ ಪಾಡು ಪಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮುಕ್ಕಾಲು ಪಾಲು ತಪ್ಪು ನೀರಿನದು. ನಮ್ಮ ಕೋಲಾರದ ಕಡೆ ‘ಬೋರ್ ನೀರಲ್ಲಿ ಬೇಳೆ ಬೇಯಲ್ಲ’ ಅಂತಾರೆ, ಅಲ್ವಾ? ಲಂಡನ್ ಸುತ್ತಮುತ್ತಲಿನ ನೀರೂ ಹಾಗೇ ಗಡಸು. ಕೆಟಲ್ ಒಳಗೆ ಬೆಳ್ಳಗೆ ಕಟ್ಟುತ್ತದಲ್ಲ, ಆ ಸುಣ್ಣವೇ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುವುದು. ನಾನು ನೀರನ್ನು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳ ಕದಡದ ಹಾಗೆ ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳುತ್ತೇನೆ. ನೆನೆಯುವ ನೀರಿಗೆ ಒಂದು ಚಮಚ ಉಪ್ಪು ಹಾಕುತ್ತೇನೆ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದರು, ಆದರೆ ನೆನೆಸುವಾಗ ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಹುಣಸೆಹಣ್ಣು, ಟೊಮೆಟೊ ಮಾತ್ರ ಕಾಳು ಪೂರ್ತಿ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಕಾಳು ಅಲ್ಲಿಗೇ ನಿಲ್ಲುತ್ತದೆ. ಎರಡು ಮೂರು ವರ್ಷ ಡಬ್ಬದಲ್ಲಿ ಕೂತ ಕಾಳಾದರೆ ಯಾವ ಉಪಾಯವೂ ನಡೆಯುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ರಾಜ್ಮಾವನ್ನು ಹಸಿಯಾಗಿ ಸ್ಲೋ ಕುಕ್ಕರಿಗೆ ಹಾಕಿ ಕೆಲಸಕ್ಕೆ ಹೋಗಬೇಡಿ. ಅದರಲ್ಲಿ ಒಂದು ವಿಷದ ಅಂಶ ಇದೆ, ಸ್ಲೋ ಕುಕ್ಕರಿನ ಕಡಿಮೆ ಶಾಖಕ್ಕೆ ಅದು ಹೋಗುವುದಿಲ್ಲ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಆಮೇಲೆ ಹೇಗಾದರೂ ಬೇಯಿಸಿ.

ಈಗ ಮಗುವಿನ ವಿಷಯ. ನನ್ನ ಮಗಳಿಗೆ ಐದು ವರ್ಷ ಇದ್ದಾಗ ಶುಕ್ರವಾರ ರಾತ್ರಿ ಕಾಳು ನೆನೆ ಹಾಕುವ ಕೆಲಸ ಅವಳಿಗೇ ಕೊಟ್ಟೆ. ತಟ್ಟೆಯಲ್ಲಿ ಹರಡಿ, ಕಲ್ಲು, ಹುಳುಕು ಆರಿಸಿ, ಬಟ್ಟಲಿಗೆ ಸುರಿದು, ಕಾಳಿನ ಮೇಲೆ ಅವಳ ಕೈ ಮುಳುಗುವಷ್ಟು ನೀರು. ಶನಿವಾರ ಎದ್ದವಳೇ ಬಟ್ಟಲಿನ ಹತ್ತಿರ ಓಡಿದಳು. ‘ಅಮ್ಮಾ, ದಪ್ಪ ಆಗಿದೆ!’ ಒಣ ಅವರೆಕಾಳು ನೆನೆಸಿದ್ದೆ. ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬಂತು, ಸಿಪ್ಪೆ ಬೆರಳಲ್ಲೇ ಉಳಿಯಿತು. ಒಂದು ಬೇಳೆ ಫ್ರಿಜ್ಜಿನ ಕೆಳಗೆ ಹೋಯಿತು. ಅರ್ಧ ಗಂಟೆ ಅಲ್ಲಾಡದೆ ಕೂತು ಅಷ್ಟನ್ನೂ ಹಿತುಕಿದಳು. ನೆನೆಸು, ಹಿತುಕು, ಬಸಿ, ಒಗ್ಗರಣೆ. ಈ ಮಾತುಗಳನ್ನು ನಾನು ಪುಸ್ತಕ ಹಿಡಿದು ಕಲಿಸಲೇ ಇಲ್ಲ.

ಸಾರಿನಿಂದ ಶುರು ಮಾಡಬೇಡಿ ಅಂತ ನನ್ನ ಸಲಹೆ. ಬಸ್ಸಾರು ಮಾಡಿ, ಅದರಲ್ಲಿ ಸಾರಿನ ಜೊತೆ ಪಲ್ಯವೂ ಆಗುತ್ತದೆ. ಅಲಸಂದೆ ಕಾಳು ಇಲ್ಲಿ ಬ್ಲ್ಯಾಕ್ ಐಡ್ ಬೀನ್ಸ್ ಅನ್ನೋ ಹೆಸರಲ್ಲಿ ಸುಲಭವಾಗಿ ಸಿಗುತ್ತದೆ, ಬೇಗ ಬೇಯುತ್ತದೆ. ಕಾಳು ಬೆಂದಾಗ ಪಾಲಕ್ ಹಾಕಿ, ಒಂದು ಕುದಿ ಬಂದ ಮೇಲೆ ಬಸಿಯಿರಿ. ಬಸಿದ ನೀರು, ಅಂದರೆ ಕಟ್ಟು, ದೊಡ್ಡವರ ಸಾರಿಗೆ: ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಸಾರಿನಪುಡಿ, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ, ಖಾರ ಇಲ್ಲದೆ ಮಗನಿಗೆ ಪಲ್ಯ ಮಾಡಿ. ಟೋಸ್ಟ್ ಮೇಲೇ ಹಾಕಿಕೊಡಿ, ಪರವಾಗಿಲ್ಲ. ನನ್ನ ಮಗಳು ಹಾಗೇ ಶುರು ಮಾಡಿದ್ದು. ಕಟ್ಟಿನ ಸಾರಿಗೆ ಬರಲು ಒಂದು ವರ್ಷ ಹಿಡಿಯಿತು. ಈಗ ವಿಡಿಯೋ ಕಾಲಿನಲ್ಲಿ ಅವಳ ಅಜ್ಜಿ ‘ಏನು ಸಾರು ಪುಟ್ಟಿ?’ ಅಂದರೆ ‘ಬಸ್ಸಾರು ಅಜ್ಜಿ, ನಾನೇ ಬಸಿದೆ’ ಅನ್ನುತ್ತಾಳೆ.

500 ಗ್ರಾಂ ಒಣ ಕಾಳು ಬೆಂದರೆ ನಾಲ್ಕೈದು ಟಿನ್ನಿನಷ್ಟಾಗುತ್ತದೆ. ಉಳಿದದ್ದನ್ನು ಫ್ರೀಜರಿನಲ್ಲಿಡಿ. ಈ ಶುಕ್ರವಾರ ಒಂದೇ ಕಪ್ ಹಾಕಿ ನೋಡಿ, ನೀರು ಮಗನ ಕೈಯಲ್ಲೇ ಹಾಕಿಸಿ. ಹೇಗಾಯಿತು ಅಂತ ಭಾನುವಾರ ಬರೆಯುತ್ತೀರಲ್ವಾ?